ಪ್ರೀಆಂಪ್ ವಿಚಾರವಾಗಿ ಪುಟ್ಟಿಗೆ

ಮೈಸೂರು
ಭಾನುವಾರ

ಚಿ. ಪುಟ್ಟಿಗೆ,

ವಾಟ್ಸಾಪಿನಲ್ಲಿ ನೀನು ಕೇಳಿದ್ದು ಒಂದೇ ಸಾಲು. "ಮಾವ, ಪ್ರೀಆಂಪ್ ಬೇಕೇ ಬೇಕಾ? 20,000ದೊಳಗೆ ಸಿಗೋದು ಸಾಕಾ?" ಬೇಕು, ಸಾಕು ಅಂತ ಎರಡೇ ಪದದಲ್ಲಿ ಮುಗಿಸಿಬಿಡಬಹುದಿತ್ತು. ಆದರೆ ಆ ಅಂಗಡಿಯವನು ಒಂದೂಕಾಲು ಲಕ್ಷದ ಪೆಟ್ಟಿಗೆ ಮುಂದಿಟ್ಟು, "ಇದಕ್ಕಿಂತ ಕಮ್ಮಿದು ಹಾಕಿದರೆ ನಿಮ್ಮ ಪವರ್ ಆಂಪಿಗೇ ಅವಮಾನ ಮೇಡಂ" ಅಂದನಂತೆ. ನಿನ್ನ ಆಫೀಸಿನ ಗೆಳೆಯ, "ಈ ಕಾಲದಲ್ಲಿ ಪ್ರೀಆಂಪ್ ಯಾರಿಟ್ಕೋತಾರೆ" ಅಂತ ನಕ್ಕನಂತೆ. ಒಬ್ಬ ನಿನ್ನ ಕಿವಿಯ ಮೇಲೆ ಹೂವಿಡಲು ನೋಡಿದ್ದಾನೆ, ಇನ್ನೊಬ್ಬ ತನ್ನ ಮನೆಯ ಲೆಕ್ಕವನ್ನೇ ನಿನ್ನ ಮನೆಗೂ ಹಾಕಿದ್ದಾನೆ. ಇಬ್ಬರ ಮಾತನ್ನೂ ಬಿಡಿಸಿ ಹೇಳದೆ ಹೋದರೆ ನೀನು ಇನ್ನೊಬ್ಬ ಮೂರನೆಯವನ ಹತ್ತಿರ ಹೋಗುತ್ತೀಯ ಅಂತ ಗೊತ್ತು. ಅದಕ್ಕೇ ಈ ಉದ್ದನೆಯ ಕಾಗದ.

ಗೆಳೆಯನದು ಮೊದಲು ಮುಗಿಸುತ್ತೇನೆ. ಅವನ ಮನೆಯಲ್ಲಿ ಇರುವುದು ಫೋನು, ಅದರ ಡಿಜಿಟಲ್ ಹಾಡನ್ನು ಆಂಪಿಗೆ ಒಗ್ಗುವ ಸಿಗ್ನಲ್ಲಾಗಿಸುವ ಒಂದು ಡ್ಯಾಕ್, ಪವರ್ ಆಂಪ್, ಸ್ಪೀಕರು. ಡ್ಯಾಕಿನಲ್ಲೇ ವಾಲ್ಯೂಮ್ ಇದೆ. ಹಾಗಿದ್ದ ಮೇಲೆ ಅವನಿಗೆ ಪ್ರೀಆಂಪ್ ಬೇಡ, ಸರಿಯೇ. ನಿನ್ನ ಸಂಸಾರ ಬೇರೆ. ನಮ್ಮಪ್ಪನ ಟರ್ನ್‌ಟೇಬಲ್ ಇದೆ, ಎರಡು ಟ್ರಂಕು ಪ್ಲೇಟುಗಳಿವೆ, ರೇಡಿಯೋ ಕಛೇರಿಗಳನ್ನು ಹಿಡಿದಿಟ್ಟ ಕ್ಯಾಸೆಟ್ಟುಗಳಿವೆ, ಅವನ್ನು ಹಾಕಲು ಡೆಕ್ಕು ಇದೆ. ಜೊತೆಗೆ ಫೋನಿನ ಹಾಡುಗಳೂ ಬೇಕು. ಊರು ಬಿಟ್ಟು ಹೋದ ಯಾರೋ ನಿನಗೆ ಅಗ್ಗಕ್ಕೆ ಕೊಟ್ಟ ಆ 60 ವ್ಯಾಟಿನ ಪವರ್ ಆಂಪಿನ ಮುಖದ ಮೇಲೆ ಒಂದು ಸ್ವಿಚ್ಚು, ಒಂದು ಕೆಂಪು ದೀಪ ಬಿಟ್ಟರೆ ಇನ್ನೇನೂ ಇಲ್ಲ. ಅದಕ್ಕೆ ಕೊಟ್ಟದ್ದನ್ನು ದೊಡ್ಡದು ಮಾಡಿ ಸ್ಪೀಕರಿಗೆ ತಳ್ಳುವುದಷ್ಟೇ ಗೊತ್ತು. ಯಾವುದನ್ನು ಕೇಳಬೇಕು, ಎಷ್ಟು ಕೇಳಬೇಕು ಅಂತ ತೀರ್ಮಾನಿಸಲು ಅದರ ಮುಂದೆ ಇನ್ನೊಂದು ಪೆಟ್ಟಿಗೆ ಬೇಕು. ಆಂಪ್ಲಿಫೈಯರ್ ಅಂತ ಒಂದೇ ಡಬ್ಬಿಯಲ್ಲಿ ಮಾರುತ್ತಾರಲ್ಲ, ಅದರೊಳಗೆ ಈ ಎರಡೂ ಸೇರಿರುತ್ತವೆ. ನಿನ್ನ ಹತ್ತಿರ ಅರ್ಧ ಇದೆ, ಇನ್ನರ್ಧ ಬೇಕು, ಅಷ್ಟೆ.

ಇನ್ನು ಅಂಗಡಿಯವನು ಹೇಳದೆ ಬಿಟ್ಟ ಸಂಗತಿ. ಮನೆಯಲ್ಲಿ ಕೂತು ಕೇಳುವವರಿಗೆ ಪ್ರೀಆಂಪ್ ಮಾಡುವ ಕೆಲಸದಲ್ಲಿ ಹೆಚ್ಚಿನದು ಸದ್ದು ಇಳಿಸುವುದು. ಲೆಕ್ಕ ಹಾಕಿಯೇ ನೋಡು. ಡ್ಯಾಕ್ ಆಗಲಿ ಸಿಡಿ ಪ್ಲೇಯರ್ ಆಗಲಿ ಪೂರ್ತಿ ಜೋರಿನಲ್ಲಿ ಸುಮಾರು 2 ವೋಲ್ಟ್ ಕೊಡುತ್ತದೆ. ನಿನ್ನ ಪವರ್ ಆಂಪು ಸಾಮಾನ್ಯವಾಗಿ ಬಂದದ್ದನ್ನು 20 ಪಟ್ಟು ಹೆಚ್ಚಿಸುತ್ತದೆ ಅಂದುಕೋ. 8 ಓಮಿನ ಸ್ಪೀಕರಿಗೆ 60 ವ್ಯಾಟ್ ಕೊಡಬೇಕಾದರೆ ಅದರ ಬಾಯಲ್ಲಿ 22 ವೋಲ್ಟ್ ಬರಬೇಕು. ಅಂದರೆ 1.1 ವೋಲ್ಟ್ ಒಳಗೆ ಬಿಟ್ಟರೆ ಸಾಕು, ಅದು ತುಂಬಿಹೋಯಿತು. ಆದರೆ ಬೆಂಗಳೂರಿನ ವಿಜಯನಗರದ ನಿನ್ನ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ 60 ವ್ಯಾಟ್ ಹಾಕಿದರೆ ಮಾಲೀಕರು ಮಾರನೆಯ ದಿನವೇ ಮನೆ ಖಾಲಿ ಮಾಡಿಸುತ್ತಾರೆ. ಸಂಜೆ ಹೊತ್ತು ಚೆನ್ನಾಗಿ ಕೇಳಿಸಲು ಒಂದು ವ್ಯಾಟ್ ಧಾರಾಳ. ಆ ಒಂದು ವ್ಯಾಟಿಗೆ ಬೇಕಾದದ್ದು 0.14 ವೋಲ್ಟ್. ಬಂದದ್ದು 2 ವೋಲ್ಟ್, ಬೇಕಾದದ್ದು ಅದರ ಹದಿನಾಲ್ಕರಲ್ಲಿ ಒಂದು ಪಾಲು. ಕೆರೆ ತುಂಬಿ ಕೋಡಿ ಬಿದ್ದಿದೆ, ಗದ್ದೆಗೆ ಬೇಕಾಗಿರುವುದು ಒಂದು ಕಾಲುವೆ ನೀರು. ತೂಬು ಎಷ್ಟು ಎತ್ತಬೇಕು ಅನ್ನುವುದಷ್ಟೇ ಪ್ರಶ್ನೆ. ತೂಬನ್ನು ಬೆಳ್ಳಿಯಲ್ಲಿ ಮಾಡಿಸಿದರೆ ಭತ್ತ ಹೆಚ್ಚು ಬೆಳೆಯುವುದಿಲ್ಲ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಅಮೆರಿಕದ ನೆಲ್ಸನ್ ಪಾಸ್ ದೊಡ್ಡ ದೊಡ್ಡ, ದುಬಾರಿ ಆಂಪ್ಲಿಫೈಯರುಗಳನ್ನು ಮಾಡಿ ಹೆಸರಾದವರು. ಅವರೇ 2008ರಲ್ಲಿ ಬಿ1 ಅನ್ನುವ ಪುಟ್ಟ ಸರ್ಕ್ಯೂಟನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ಪ್ರಕಟಿಸಿದರು. ಅದು ಸಿಗ್ನಲ್ಲನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಬಂದಷ್ಟನ್ನೇ ಮುಂದಕ್ಕೆ ಬಿಡುತ್ತದೆ, ಕೇಬಲ್ಲಿನ ಭಾರ ಹೊರಲು ಒಂದಿಷ್ಟು ಬಲ ಕೊಡುತ್ತದೆ, ಅಷ್ಟೆ. ಇವತ್ತಿನ ಯಂತ್ರಗಳಿಗೆ ಅಷ್ಟು ಸಾಕು ಅನ್ನುವುದೇ ಅದರ ಹಿಂದಿನ ವಿಚಾರ.

ಇದರಿಂದ ನಿನಗೆ ಅಂಗಡಿಯಲ್ಲಿ ಉಪಯೋಗವಾಗುವ ಒಂದು ಮಾತು ಹುಟ್ಟುತ್ತದೆ. ಗೇನ್, ಅಂದರೆ ಸಿಗ್ನಲ್ ಹೆಚ್ಚಿಸುವ ಪ್ರಮಾಣ, ಜಾಸ್ತಿ ಇರುವ ಪ್ರೀಆಂಪನ್ನು ಹಿರಿಮೆ ಅಂತ ತಂದುಕೊಳ್ಳಬೇಡ. ಒಳಗೆ 10 ಪಟ್ಟು ಹೆಚ್ಚಿಸುವ ಪ್ರೀಆಂಪ್ ತಂದರೆ, ಆ ಹೆಚ್ಚಿಸಿದ್ದನ್ನೂ ನೀನೇ ಇಳಿಸಬೇಕು. ಆಗ ನಾಬು ಯಾವಾಗಲೂ ಕೆಳಗಿನ ಮೂಲೆಯಲ್ಲೇ ಇರುತ್ತದೆ. ಗಡಿಯಾರದ ಲೆಕ್ಕದಲ್ಲಿ ಏಳು ಗಂಟೆಗೆ ಶುರುವಾಗುವ ನಾಬು ಎಂಟು ದಾಟಿದರೆ ಮನೆಯೆಲ್ಲ ಗಲಾಟೆ. ವಾಲ್ಯೂಮ್ ಕಂಟ್ರೋಲಿನೊಳಗೆ ಎಡಕ್ಕೊಂದು ಬಲಕ್ಕೊಂದು ಇಂಗಾಲದ ಪಟ್ಟಿ ಇರುತ್ತದೆ. ಅವೆರಡೂ ಮಧ್ಯದಲ್ಲಿ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಳ್ಳುತ್ತವೆ, ತೀರಾ ಕೆಳಗಿನ ತುದಿಯಲ್ಲಿ ಹೊಂದುವುದಿಲ್ಲ. ಅಲ್ಲಿ ಒಂದು ಬದಿ ಇನ್ನೊಂದಕ್ಕಿಂತ ಎರಡು ಮೂರು ಡೆಸಿಬಲ್ ಜೋರಾಗಿ, ನಡುವೆ ಕೂತು ಹಾಡುತ್ತಿದ್ದ ಗಾಯಕರು ಎಡ ಸ್ಪೀಕರಿನ ಪಕ್ಕಕ್ಕೆ ಸರಿದುಬಿಡುತ್ತಾರೆ. ನಾಬು ಹತ್ತು ಗಂಟೆಗೂ ಒಂದು ಗಂಟೆಗೂ ನಡುವೆ ಆಡುವಂತಿದ್ದರೆ ಈ ತಾಪತ್ರಯ ಇರುವುದಿಲ್ಲ. ಗೇನ್ ಕಡಿಮೆ ಮಾಡುವ ಸ್ವಿಚ್ಚೋ ಜಂಪರ್ರೋ ಇದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಬರೀ ವಾಲ್ಯೂಮ್ ಕಂಟ್ರೋಲು, ಒಂದು ಸೆಲೆಕ್ಟರ್ ಸ್ವಿಚ್ಚು ಇರುವ, ಕರೆಂಟೇ ಬೇಡದ ಪೆಟ್ಟಿಗೆ ಸಾಲದೇ ಅಂತ ನೀನು ಕೇಳಬಹುದು. ಪ್ಯಾಸಿವ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಜೇಸನ್ ಸ್ಟೊಡಾರ್ಡ್, ಮೈಕ್ ಮೊಫಾಟ್ ಅನ್ನುವ ಇಬ್ಬರು ಶುರುಮಾಡಿದ ಶಿಟ್ ಆಡಿಯೋ ಅಂತ ಒಂದು ಕಂಪನಿ ಇದೆ (ಅಮ್ಮನ ಮುಂದೆ ಹೆಸರು ಜೋರಾಗಿ ಓದಬೇಡ). ಅವರ ಸಿಸ್ ಅನ್ನುವ ಅಂಗೈಯಗಲದ ಪೆಟ್ಟಿಗೆ ಇಂಥದ್ದೇ, 50 ಡಾಲರಿನ ಆಸುಪಾಸಿನಲ್ಲಿ ಮಾರಿದರು. ಡ್ಯಾಕ್ ಒಂದು, ಇನ್ನೊಂದು ಏನಾದರೂ, ಕೇಬಲ್ ಗಿಡ್ಡ ಅಂದರೆ ಅದಕ್ಕಿಂತ ಶುದ್ಧವಾದದ್ದು ಬೇರೆ ಇಲ್ಲ. ಆದರೆ ಅಲ್ಲೂ ಒಂದು ಕಿವಿಮಾತು ಇದೆ. ಪ್ಯಾಸಿವ್ ಪೆಟ್ಟಿಗೆಯಲ್ಲಿ 50 ಕಿಲೋ ಓಮಿನ ಕಂಟ್ರೋಲ್ ಇದ್ದು, ಅಲ್ಲಿಂದ ಪವರ್ ಆಂಪಿಗೆ 5 ಮೀಟರ್ ವೈರು ಎಳೆದರೆ, ವೈರಿನ ಕೆಪಾಸಿಟೆನ್ಸ್ ಮೀಟರಿಗೆ 100 ಪಿಕೋ ಫ್ಯಾರಡ್ ಅಂತ ಹಿಡಿದರೂ, 20 ಕಿಲೋ ಹರ್ಟ್ಸ್ ಹತ್ತಿರ ಎರಡು ಡೆಸಿಬಲ್ ಸೋರಿಹೋಗುತ್ತದೆ. ತಂಬೂರಿಯ ಜೀವಾಳದ ಮಿನುಗು ಮೊದಲು ಮಂಕಾಗುವುದು ಅಲ್ಲೇ. 10 ಕಿಲೋ ಓಮ್, ಒಂದು ಮೀಟರ್ ವೈರು ಅಂದರೆ ಚಿಂತೆಯಿಲ್ಲ.

ನಿನಗೆ ಮಾತ್ರ ಪ್ಯಾಸಿವ್ ಆಗುವುದಿಲ್ಲ. ಕಾರಣ ಟರ್ನ್‌ಟೇಬಲ್.

ಮೇಲೆ ಹೇಳಿದ ಇಳಿಸುವ ಮಾತೆಲ್ಲ ಇಲ್ಲಿ ತಲೆಕೆಳಗು. ನಮ್ಮಪ್ಪನ ಟರ್ನ್‌ಟೇಬಲ್ಲಿನ ತಲೆಯಲ್ಲಿರುವುದು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್. ಮುಳ್ಳು ಗೆರೆಯಲ್ಲಿ ನಡೆಯುವಾಗ ಒಂದು ಸಣ್ಣ ಅಯಸ್ಕಾಂತ ಅಲ್ಲಾಡಿ ಹುಟ್ಟುವ ಸಿಗ್ನಲ್ಲು ಬರೀ 4-5 ಮಿಲಿವೋಲ್ಟ್. ಡ್ಯಾಕಿನ 2 ವೋಲ್ಟಿಗೆ ಹೋಲಿಸಿದರೆ ನಾನೂರರಲ್ಲಿ ಒಂದು ಪಾಲು. ಅದನ್ನು ನೂರು ಪಟ್ಟು ಏರಿಸಬೇಕು. ಅಷ್ಟೇ ಸಾಲದು, ತಿದ್ದಲೂ ಬೇಕು. ಪ್ಲೇಟು ಕೊರೆಯುವಾಗ ಮಂದ್ರದ ಸದ್ದನ್ನು ಇದ್ದ ಹಾಗೇ ಕೊರೆದರೆ ಗೆರೆ ಅಗಲವಾಗಿ ಒಂದು ಬದಿಯಲ್ಲಿ ಹಿಡಿಯಬೇಕಾದಷ್ಟು ಹಾಡು ಹಿಡಿಯುವುದಿಲ್ಲ, ಮುಳ್ಳೂ ಎಗರುತ್ತದೆ. ಅದಕ್ಕೆ ಮಂದ್ರವನ್ನು ತಗ್ಗಿಸಿ ಕೊರೆಯುತ್ತಾರೆ. ತಾರದ ಸದ್ದು ಪ್ಲೇಟಿನ ಚರಚರದಲ್ಲಿ ಮುಳುಗದಿರಲಿ ಅಂತ ಅದನ್ನು ಎತ್ತಿ ಕೊರೆಯುತ್ತಾರೆ. ನುಡಿಸುವಾಗ ಇದನ್ನೇ ಉಲ್ಟಾ ಮಾಡಬೇಕು. ಯಾವ ಕಂಪನಿ ಎಷ್ಟು ತಗ್ಗಿಸುತ್ತದೆ, ಎಷ್ಟು ಎತ್ತುತ್ತದೆ ಅನ್ನುವುದು ಮೊದಲು ಅವರವರ ಇಷ್ಟ. 1954ರಲ್ಲಿ ಅಮೆರಿಕದ ರೆಕಾರ್ಡು ಕಂಪನಿಗಳ ಸಂಘ ಆರ್‌ಐಎಎ ಒಂದೇ ಅಳತೆ ನಿಗದಿ ಮಾಡಿತು. ಆ ಪ್ರಕಾರ 20 ಹರ್ಟ್ಸಿನಲ್ಲಿ ಸುಮಾರು ಹತ್ತು ಪಟ್ಟು ಏರಿಸಬೇಕು, 20 ಕಿಲೋ ಹರ್ಟ್ಸಿನಲ್ಲಿ ಸುಮಾರು ಹತ್ತು ಪಟ್ಟು ಇಳಿಸಬೇಕು. ಪ್ರೀಆಂಪಿನ ಹಿಂದೆ ಫೋನೋ ಅಂತ ಬರೆದ ಸಾಕೆಟ್ಟಿನೊಳಗೆ ನಡೆಯುವುದು ಈ ಕೆಲಸ. ಅಲ್ಲಿಗೆ ಡ್ಯಾಕ್ ಸಿಕ್ಕಿಸಬೇಡ, ಕಿವಿ ಹರಿಯುವ ಹಾಗೆ ಕಿರುಚುತ್ತದೆ. ಡ್ಯಾಕಿಗಿರುವ ಆಕ್ಸ್ ಸಾಕೆಟ್ಟಿಗೆ ಟರ್ನ್‌ಟೇಬಲ್ ಸಿಕ್ಕಿಸಿದರೆ ಪಕ್ಕದ ಮನೆಯಲ್ಲಿ ಸೊಳ್ಳೆ ಹಾಡಿದಷ್ಟು ಕೇಳುತ್ತದೆ.

ಈಗ ಟರ್ನ್‌ಟೇಬಲ್ ಯಾಕೆ ಗುಂಯ್ ಅನ್ನುತ್ತದೆ ಅಂತಲೂ ಹೇಳುತ್ತೇನೆ. ನಮ್ಮ ಗೋಡೆಯ ಕರೆಂಟು 50 ಹರ್ಟ್ಸ್. ಆರ್‌ಐಎಎ ತಿದ್ದುಪಡಿ 50 ಹರ್ಟ್ಸನ್ನು ಏಳು ಪಟ್ಟು ಎತ್ತುತ್ತದೆ. ನೂರು ಪಟ್ಟಿನ ಜೊತೆಗೆ ಈ ಏಳು ಸೇರಿದರೆ ಏಳುನೂರು. ವೈರಿನೊಳಗೆ ಚೂರೇ ಚೂರು ನುಸುಳಿದ ಗೋಡೆಯ ಕರೆಂಟೂ ಏಳುನೂರು ಪಟ್ಟಾಗಿ ಹೊರಗೆ ಬರುತ್ತದೆ. ಅದಕ್ಕೇ ಟರ್ನ್‌ಟೇಬಲ್ಲಿನಿಂದ ಎರಡು ಆರ್‌ಸಿಎ ವೈರಿನ ಜೊತೆ ಮೂರನೆಯದೊಂದು ತೆಳ್ಳನೆಯ ವೈರು ಜೋತಾಡುತ್ತಿರುತ್ತದೆ, ತುದಿಯಲ್ಲಿ ಸೀಳಿದ ಕೊಕ್ಕೆ ಇರುತ್ತದೆ, ಅದನ್ನು ಪ್ರೀಆಂಪಿನ ಹಿಂದಿರುವ ಕೈಯಲ್ಲೇ ತಿರುಗಿಸುವ ಸ್ಕ್ರೂವಿಗೆ ಬಿಗಿ. ಟ್ರಾನ್ಸ್‌ಫಾರ್ಮರ್ ಇರುವ ಪವರ್ ಆಂಪಿನ ಮೇಲೆಯೇ ಟರ್ನ್‌ಟೇಬಲ್ ಇಡಬೇಡ, ಒಂದು ಮೊಳ ದೂರ ಇರಲಿ. ಬಹುಪಾಲು ಗುಂಯ್ ಇಷ್ಟಕ್ಕೇ ಅಡಗುತ್ತದೆ. ಕೆಲವರು ಈ ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನೇ ಕಿತ್ತು ಹಾಕುತ್ತಾರೆ. ಹಾಗೆ ಮಾಡಿದೆ ಅಂತ ಕೇಳಿದರೆ ನಾನೇ ಬಂದು ಕಿವಿ ಹಿಂಡುತ್ತೇನೆ. ಜೀವದ ಪ್ರಶ್ನೆ ಅದು. ಹಳೆಯ ಬಾಡಿಗೆ ಮನೆಗಳಲ್ಲಿ ಗೋಡೆಯ ಸಾಕೆಟ್ಟಿಗೇ ಅರ್ಥಿಂಗ್ ಇರುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ನೋಡಿಸು.

ಫೋನೋ ಭಾಗ ಇಷ್ಟು ನಾಜೂಕು ಅಂದ ಮೇಲೆ ಅದಕ್ಕಾದರೂ ಹೆಚ್ಚು ದುಡ್ಡು ಹಾಕಬೇಕಲ್ಲವೇ? ನಾನು ಜಾಲಹಳ್ಳಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್‌ಗೆ ಸೇರಿದ ಕಾಲದಲ್ಲಿ ಹೌದು ಅನ್ನುತ್ತಿದ್ದೆ. ಆಗ ನಮ್ಮಲ್ಲೇ ತಯಾರಾಗುತ್ತಿದ್ದ ಬಿಸಿ 148, 149 ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಅಳೆದು, ಸದ್ದು ಕಡಿಮೆ ಇರುವ ಜೋಡಿ ಆರಿಸಿ, ಪ್ರೀಆಂಪ್ ಕಟ್ಟುವ ಹುಚ್ಚು ನಮ್ಮಲ್ಲಿ ಹಲವರಿಗಿತ್ತು. ಎಲೆಕ್ಟ್ರಾನಿಕ್ಸ್ ಫಾರ್ ಯೂ ಪತ್ರಿಕೆಯಲ್ಲಿ ಸರ್ಕ್ಯೂಟು ಬಂತೆಂದರೆ ಶನಿವಾರ ಮಧ್ಯಾಹ್ನ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದೇ ಅಳತೆಯ ರೆಸಿಸ್ಟರಿಗೆ ನಾಲ್ಕು ಜನ ಕೈಚಾಚುತ್ತಿದ್ದರು. ವಿದೇಶದ್ದು ಬೇಕೆಂದರೆ ಆಮದಿಗೆ ಲೈಸೆನ್ಸು, ಸುಂಕ, ಇಲ್ಲವೇ ಮದ್ರಾಸಿನ ಬರ್ಮಾ ಬಜಾರು. ಮಧ್ಯಮ ವರ್ಗದವರ ಮನೆಗೆ ಸ್ಟೀರಿಯೋ ಬಂದದ್ದು ಕೋಲ್ಕತ್ತದ ಸೋನೋಡೈನಿನಂಥ ನಮ್ಮವರೇ ಮಾಡಿದ ಪೆಟ್ಟಿಗೆಗಳಿಂದ, ಇಲ್ಲವೇ ಹೀಗೆ ಕೈಯಲ್ಲಿ ಕಟ್ಟಿದ ಡಬ್ಬಿಗಳಿಂದ.

1970ರ ದಶಕದ ಕೊನೆಗೆ ಎನ್‌ಇ 5532 ಅನ್ನುವ ಎಂಟು ಕಾಲಿನ ಐಸಿ ಬಂದ ಮೇಲೆ ಆ ಕಷ್ಟ ಹೋಯಿತು. ಶೇಂಗಾ ಬೀಜದಷ್ಟು ಗಾತ್ರ, ಒಳಗೆ ಎರಡು ಆಂಪ್ಲಿಫೈಯರು, ಒಂದು ಎಡಕ್ಕೆ ಒಂದು ಬಲಕ್ಕೆ. ಇವತ್ತಿಗೂ ಅದು ಬೇಕಾದಷ್ಟು ಸಿಗುತ್ತದೆ, ಬೆಲೆಯೂ ಜುಜುಬಿ. ಅಂಗಡಿಯವನು "ಅಯ್ಯೋ 5532ನಾ" ಅಂತ ಮೂಗು ಮುರಿದರೆ ಇದನ್ನು ಹೇಳು. 1980ರ ನಂತರದ ರೆಕಾರ್ಡಿಂಗುಗಳಲ್ಲಿ ಎಷ್ಟೋ ಹಾಡುಗಳು ಸ್ಟುಡಿಯೋದ ಮಿಕ್ಸರಿನೊಳಗೆ ಇಂಥ ಐಸಿಗಳನ್ನು ಸಾಲುಸಾಲಾಗಿ ದಾಟಿಕೊಂಡೇ ಬಂದಿವೆ. ಅಷ್ಟು ದಾಟಿ ಬಂದ ಹಾಡು ನಿನ್ನ ಮನೆಯಲ್ಲಿ ಇನ್ನೊಂದನ್ನು ದಾಟಿದರೆ ಮೈಲಿಗೆಯಾಗುವುದಿಲ್ಲ.

ಸಾಧ್ಯವಾದರೆ ತೆಗೆದುಕೊಳ್ಳುವ ಮೊದಲು ಮುಚ್ಚಳ ತೆಗೆಸಿ ನೋಡು. ಒಂದೂಕಾಲು ಲಕ್ಷದ್ದನ್ನೂ ಹದಿನೈದು ಸಾವಿರದ್ದನ್ನೂ ಪಕ್ಕಪಕ್ಕ ಇಟ್ಟರೆ ಒಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ ಜಾತಿಯದು. ಒಂದು ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರು, ಪಕ್ಕದಲ್ಲಿ ನಾಲ್ಕು ಡಯೋಡು, ಎರಡು ನಿಂತ ಕೆಪಾಸಿಟರು, ಅಲ್ಲಿಂದ ಮುಂದೆ ಎಡ ಬಲಕ್ಕೆ ಒಂದರ ಪಡಿಯಚ್ಚಿನಂತೆ ಇನ್ನೊಂದು ಸಾಲು. ಹಿಂದುಗಡೆ ಸಾಕೆಟ್ಟುಗಳ ಬುಡದಲ್ಲಿ ಸಣ್ಣ ಕಪ್ಪು ರಿಲೇ ಡಬ್ಬಿಗಳಿದ್ದರೆ ಒಳ್ಳೆಯ ಲಕ್ಷಣ. ಸೆಲೆಕ್ಟರ್ ತಿರುಗಿಸಿದಾಗ ಟಿಕ್ ಅನ್ನುವುದು ಅವೇ, ಸಿಗ್ನಲ್ಲು ಮುಂಭಾಗದ ತನಕ ಹೋಗಿ ಬರುವ ಸುತ್ತು ತಪ್ಪುತ್ತದೆ. ಐಸಿಗಳು ಬೋರ್ಡಿಗೆ ನೇರ ಬೆಸುಗೆಯಾಗದೆ ಸಾಕೆಟ್ಟಿನಲ್ಲಿ ಕೂತಿದ್ದರೆ ರಿಪೇರಿಯವನ ಕೆಲಸ ಐದು ನಿಮಿಷದ್ದು. ದುಬಾರಿಯದ್ದರಲ್ಲಿ ಹೆಚ್ಚಿಗೆ ಇರುವುದು ಅರ್ಧ ಇಂಚು ದಪ್ಪದ ಅಲ್ಯೂಮಿನಿಯಂ ಮುಖ, ಕೆತ್ತಿದ ನಾಬು, ಒಂದಿಷ್ಟು ಉತ್ತಮ ದರ್ಜೆಯ ಬಿಡಿಭಾಗ. ಕಣ್ಣಿಗೆ ಚಂದ, ಇಲ್ಲವೆನ್ನುವುದಿಲ್ಲ. ಕಿವಿಗೆ ವ್ಯತ್ಯಾಸ ಗೊತ್ತಾಗಬೇಕಾದರೆ ಎರಡನ್ನೂ ಒಂದೇ ಜೋರಿಗೆ ಹೊಂದಿಸಿ, ಯಾವುದು ಓಡುತ್ತಿದೆ ಅಂತ ಕಾಣದ ಹಾಗೆ ಪರದೆ ಹಾಕಿ ಕೇಳಬೇಕು. ಅಂಗಡಿಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಅರ್ಧ ಡೆಸಿಬಲ್ ಜೋರಾಗಿದ್ದರೂ ಸಾಕು, ನಮ್ಮ ಕಿವಿಗೆ ಅದು "ಜೋರು" ಅನ್ನಿಸುವುದಿಲ್ಲ, "ಸ್ಪಷ್ಟ" ಅನ್ನಿಸುತ್ತದೆ. ವ್ಯಾಪಾರ ನಡೆಯುವುದೇ ಆ ಅರ್ಧ ಡೆಸಿಬಲ್ಲಿನಲ್ಲಿ.

ಅಗ್ಗದ ಒಳ್ಳೆಯ ಪ್ರೀಆಂಪ್ ಅನ್ನುವುದು ಇವತ್ತಿನ ಚೀನಾದ ಡಬ್ಬಿಗಳಿಂದ ಶುರುವಾದದ್ದೂ ಅಲ್ಲ. ಫಿಲಡೆಲ್ಫಿಯಾದ ಡೇವಿಡ್ ಹ್ಯಾಫ್ಲರ್ ಅವರ ಡೈನಾಕೊ ಕಂಪನಿ 1960ರ ದಶಕದಲ್ಲಿ ಪಿಎಎಸ್-3 ಅನ್ನುವ ವಾಲ್ವ್ ಪ್ರೀಆಂಪನ್ನು ಕಿಟ್ಟಾಗಿ ಮಾರಿತು, ಬೆಲೆ 70 ಡಾಲರಿನ ಆಸುಪಾಸು. ಕಷ್ಟದ ಬೋರ್ಡನ್ನು ಅವರೇ ಜೋಡಿಸಿ ಕಳಿಸುತ್ತಿದ್ದರು, ಉಳಿದದ್ದನ್ನು ಗಿರಾಕಿ ಊಟದ ಮೇಜಿನ ಮೇಲೆ ಬೆಸುಗೆ ಹಾಕಿಕೊಳ್ಳುತ್ತಿದ್ದ. ಅವುಗಳಲ್ಲಿ ಬಹಳಷ್ಟು ಇನ್ನೂ ಹಾಡುತ್ತಿವೆ. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ 33 ಬಂದದ್ದು 1967ರಲ್ಲಿ. ಅದು ಅಷ್ಟೇನೂ ಅಗ್ಗದ್ದಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಗಾತ್ರ ಚಿಕ್ಕದು, ಮುಖದ ಮೇಲೆ ಮಾತ್ರ ಕೇಳುಗನಿಗೆ ಬೇಕಾದದ್ದೆಲ್ಲ ಇತ್ತು. ಮೋನೋ ಬಟನ್ನು, ಬ್ಯಾಲೆನ್ಸು, ಬಾಸು, ಟ್ರೆಬಲ್ಲು, ಚರಚರ ಕಡಿಮೆ ಮಾಡುವ ಫಿಲ್ಟರು. ಆಮೇಲೆ ಬಂದ ಶುದ್ಧವಾದಿಗಳು ಇವೆಲ್ಲ ಸಿಗ್ನಲ್ಲನ್ನು ಕೆಡಿಸುತ್ತವೆ ಅಂತ ಒಂದೊಂದಾಗಿ ಕಿತ್ತು ಹಾಕಿದರು. ಇವತ್ತು ಲಕ್ಷದ ಪ್ರೀಆಂಪಿನ ಮುಖದಲ್ಲಿ ಎರಡೇ ನಾಬು.

ನನಗೆ ಇದು ಒಪ್ಪಿಗೆಯಿಲ್ಲ. ನಮ್ಮಪ್ಪನ ಟ್ರಂಕು ತೆಗೆದು ಎಚ್‌ಎಂವಿ ಪ್ಲೇಟುಗಳ ಲೇಬಲ್ಲು ನೋಡು. ನಂಬರು ಇಎಎಲ್‌ಪಿ ಅಥವಾ ಇಸಿಎಲ್‌ಪಿ ಅಂತ ಶುರುವಾದರೆ ಅದು ಮೋನೋ. ಇಎಎಸ್‌ಡಿ, ಇಸಿಎಸ್‌ಡಿ ಅಂತಿದ್ದರೆ ಸ್ಟೀರಿಯೋ. ಅಪ್ಪನ ಸಂಗ್ರಹದಲ್ಲಿ ಮೋನೋಗಳೇ ಹೆಚ್ಚು. ಮೋನೋ ಪ್ಲೇಟಿನಲ್ಲಿ ಹಾಡೆಲ್ಲ ಇರುವುದು ಗೆರೆಯ ಅಡ್ಡ ಓಲಾಟದಲ್ಲಿ. ಬ್ರಿಟನ್ನಿನ ಅಲನ್ ಬ್ಲೂಮ್ಲೈನ್ 1931ರಲ್ಲೇ ಪೇಟೆಂಟಿನಲ್ಲಿ ಬರೆದಿಟ್ಟ ಉಪಾಯದಂತೆ ಸ್ಟೀರಿಯೋ ಪ್ಲೇಟುಗಳು 1958ರ ಹೊತ್ತಿಗೆ ಅಂಗಡಿಗೆ ಬಂದವು. ಅವುಗಳಲ್ಲಿ ಗೆರೆಯ ಎರಡು ಗೋಡೆಗಳಲ್ಲಿ ಎರಡು ಚಾನಲ್ಲು, ಮುಳ್ಳು ಅಡ್ಡಕ್ಕೂ ಆಡುತ್ತದೆ, ಮೇಲೆ ಕೆಳಗೂ ಆಡುತ್ತದೆ. ಈಗಿನ ಸ್ಟೀರಿಯೋ ಮುಳ್ಳಿನಲ್ಲಿ ಮೋನೋ ಪ್ಲೇಟು ಹಾಕಿದರೆ, ಮೇಲೆ ಕೆಳಗೆ ಆಡುವುದರಲ್ಲಿ ಹಾಡು ಒಂದಿಷ್ಟೂ ಇರುವುದಿಲ್ಲ, ಧೂಳು, ಸವೆತ, ಚಟಚಟ ಮಾತ್ರ. ಮೋನೋ ಬಟನ್ ಒತ್ತಿದರೆ ಎಡ ಬಲ ಸೇರಿ ಆ ಮೇಲೆ ಕೆಳಗಿನದು ಒಂದನ್ನೊಂದು ಹೊಡೆದು ಹಾಕಿಕೊಳ್ಳುತ್ತದೆ. ಗಾಯಕ ಮನ್ಸೂರರ ದನಿ ಇದ್ದ ಹಾಗೇ ಇರುತ್ತದೆ, ಹಿಂದಿನ ಮಳೆ ಅರ್ಧಕ್ಕರ್ಧ ನಿಲ್ಲುತ್ತದೆ. ಲಕ್ಷ ಕೊಟ್ಟರೂ ಸಿಗದ ಸುಖ ಇದು, ಒಂದು ಬಟನ್ನಿನಲ್ಲಿದೆ. ಆದ್ದರಿಂದ ನನ್ನ ಮೊದಲ ಷರತ್ತು, ಮೋನೋ ಸ್ವಿಚ್ ಇಲ್ಲದ ಪ್ರೀಆಂಪ್ ನಿನ್ನ ಮನೆಗೆ ಬೇಡ.

ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟುಗಳ ಮೇಲೆ ಮಾತ್ರ ಈ ಮುಳ್ಳು ಇಳಿಸಬೇಡ. ಅವುಗಳ ಗೆರೆ ಮೂರು ಪಟ್ಟು ಅಗಲ, ಬೇರೆ ಮುಳ್ಳು ಬೇಕು. ಅದರ ವಿಷಯ ಇನ್ನೊಮ್ಮೆ.

ಎರಡನೆಯ ಷರತ್ತು ಬಾಸು ಟ್ರೆಬಲ್ಲು. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್, ಮನ್ಸನ್ ಅವರು ತೋರಿಸಿಕೊಟ್ಟ ಸಂಗತಿ ಒಂದಿದೆ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಮಂದ್ರ ಕೇಳಿಸುವುದು ಇನ್ನೂ ಕಡಿಮೆಯಾಗುತ್ತದೆ. ರಾತ್ರಿ ಹತ್ತರ ಮೇಲೆ ಪಕ್ಕದ ಮನೆಯವರಿಗೆ ಹೆದರಿ ಸಣ್ಣಗೆ ಹಾಕಿದಾಗ ಮೃದಂಗದ ಎಡ ಮುಖವೇ ಮಾಯವಾಗುತ್ತದಲ್ಲ, ಅದು ಸ್ಪೀಕರಿನ ದೋಷವಲ್ಲ, ಕಿವಿಯ ಸ್ವಭಾವ. ಲೌಡ್‌ನೆಸ್ ಬಟನ್ನೋ ಬಾಸ್ ನಾಬೋ ಇದ್ದರೆ ಅದನ್ನು ತುಂಬಿಕೊಡುತ್ತದೆ. ಪೀಟರ್ ಬ್ಯಾಕ್ಸಾಂಡಲ್ ಎಂಬ ಇಂಗ್ಲಿಷ್ ಎಂಜಿನಿಯರ್ 1952ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬರೆದ ಟೋನ್ ಕಂಟ್ರೋಲ್ ಸರ್ಕ್ಯೂಟನ್ನೇ ಇವತ್ತಿಗೂ ಹೆಚ್ಚಿನವರು ಹಾಕುತ್ತಾರೆ. ನಾಬನ್ನು ನಡುವೆ ಬಿಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಅದನ್ನು ಮುಟ್ಟುವುದು ಪಾಪ ಅಂತ ಹೇಳುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ನಿನ್ನ ಮನೆ, ನಿನ್ನ ಕಿವಿ.

ಮೂರನೆಯದು ಟೇಪ್ ಔಟ್. ಹಿಂದುಗಡೆ ಆ ಹೆಸರಿನ ಒಂದು ಜೊತೆ ಸಾಕೆಟ್ ಇದ್ದರೆ, ವಾಲ್ಯೂಮ್ ಎಷ್ಟಿದ್ದರೂ ಅಲ್ಲಿ ಸಿಗ್ನಲ್ ಒಂದೇ ಮಟ್ಟದಲ್ಲಿ ಬರುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ವೈರು ಹಾಕಿ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿಕೊಳ್ಳಬಹುದು. ಅಪ್ಪ ಆಕಾಶವಾಣಿಯಿಂದ ಹಿಡಿದ ಕಛೇರಿಗಳ ಟೇಪಿನ ಮೇಲಿನ ಲೇಪ ಉದುರುತ್ತಾ ಬಂದಿದೆ, ಅವಕ್ಕೆ ಕಾಯುವ ತಾಳ್ಮೆ ಇಲ್ಲ. ಪ್ರೀಆಂಪ್ ಬಂದ ವಾರವೇ ಈ ಕೆಲಸಕ್ಕೆ ಕೂರು.

ಈ ಮೂರೂ ಹೊಸ ಸಣ್ಣ ಡಬ್ಬಿಗಳಲ್ಲಿ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೆ ಎರಡು ದಾರಿ. 1970-80ರ ದಶಕದ ಜಪಾನಿನ ಸೆಕೆಂಡ್ ಹ್ಯಾಂಡ್ ಪ್ರೀಆಂಪ್ ಹುಡುಕುವುದು ಒಂದು. ಯಮಹಾ, ಟೆಕ್ನಿಕ್ಸ್, ಪಯೋನಿಯರ್ ಯಾವುದಾದರೂ ಆಗಬಹುದು. ಇಲ್ಲವಾದರೆ ಟೋನ್ ಕಂಟ್ರೋಲ್, ಟೇಪ್ ಔಟ್ ಇರುವ ಸಾಧಾರಣ ಹೊಸ ಪ್ರೀಆಂಪ್ ತೆಗೆದುಕೊಂಡು, ಪಕ್ಕಕ್ಕೆ ಮೋನೋ ಸ್ವಿಚ್ ಇರುವ ಫೋನೋ ಡಬ್ಬಿ ಇಟ್ಟುಕೊಳ್ಳುವುದು. ಯಾವುದೇ ಆದರೂ ನಿನ್ನ 20,000 ಸಾಕು. ಹಳೆಯದು ತೆಗೆದುಕೊಂಡರೆ ಮೊದಲು ಹಿಂದುಗಡೆ ತಿರುಗಿಸಿ ವೋಲ್ಟೇಜ್ ಓದು. ಜಪಾನಿನೊಳಗೆ ಮಾರಿದ್ದು 100 ವೋಲ್ಟಿನದು, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆ ಗ್ಯಾರಂಟಿ. 220-240 ಅಂತ ಬರೆದಿರಬೇಕು, ಇಲ್ಲವೇ ಬದಲಾಯಿಸುವ ಸ್ವಿಚ್ಚಿರಬೇಕು. ನಾಬು ತಿರುಗಿಸುವಾಗ ಕರಕರ ಅಂದರೆ ಹೆದರಬೇಡ, ಅದನ್ನೇ ತೋರಿಸಿ ಚೌಕಾಸಿ ಮಾಡು. ಮನೆಗೆ ತಂದು ಕರೆಂಟ್ ತೆಗೆದು, ಮುಚ್ಚಳ ಬಿಚ್ಚಿ, ಕಂಟ್ರೋಲಿನ ಹಿಂದಿನ ಸಣ್ಣ ಕಿಂಡಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಪಿಸ್ ಅನ್ನಿಸಿ, ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸು. ಕರಕರ ಹೋಗುತ್ತದೆ. ಹೋಗದಿದ್ದರೆ ಕಂಟ್ರೋಲ್ ಬದಲಿಸಿದರಾಯಿತು. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿಗೆ ವಯಸ್ಸಾಗಿರುತ್ತದೆ, ಎಲ್ಲ ಬದಲಿಸಿದರೂ ಸಾಮಾನಿನ ಖರ್ಚು ನಾಲ್ಕಂಕಿ ಮುಟ್ಟುವುದು ಕಷ್ಟ. ಎಸ್.ಪಿ. ರೋಡಿನ ಸಂದಿಗಳಲ್ಲಿ ಇಂಥವನ್ನು ಪ್ರೀತಿಯಿಂದ ಮಾಡಿಕೊಡುವ ಕೈಗಳು ಇನ್ನೂ ಇವೆ.

ಒಂದೂಕಾಲು ಲಕ್ಷದಲ್ಲಿ ಉಳಿಯುವ ದುಡ್ಡು ಎಲ್ಲಿ ಹಾಕಬೇಕು ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೊದಲು ಹೊಸ ಮುಳ್ಳು. ಸಾಮಾನ್ಯ ಮುಳ್ಳಿನ ಆಯುಸ್ಸು ಐನೂರರಿಂದ ಸಾವಿರ ಗಂಟೆ, ಅಪ್ಪನದು ಎಷ್ಟು ಓಡಿದೆಯೋ ಆ ದೇವರಿಗೇ ಗೊತ್ತು. ಸವೆದ ಮುಳ್ಳು ಪ್ಲೇಟನ್ನೇ ಕೆರೆದು ತಿನ್ನುತ್ತದೆ. ಆಮೇಲೆ ಆ ಬೋಳು ಹಾಲಿಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನ. ಆಮೇಲೂ ಉಳಿದರೆ ಸ್ಪೀಕರು. ಕೇಬಲ್ಲಿಗೆ ಸಾವಿರದ ಮೇಲೆ ಒಂದು ರೂಪಾಯಿ ಹಾಕಬೇಡ.

ಬರುವ ತಿಂಗಳು ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಬರುವುದಿದೆ. ಅಷ್ಟರೊಳಗೆ ನೀನೇ ತೆಗೆದುಕೊಂಡರೂ ಸರಿ, ಕಾದರೆ ಇಬ್ಬರೂ ಹೋಗೋಣ. ಕಾರ್ಟ್ರಿಜ್ಜಿನ ಮುಂಭಾಗದ ಫೋಟೋ ಒಂದು ಕಳಿಸು, ಮಾಡೆಲ್ ನಂಬರು ಕಾಣುವ ಹಾಗೆ, ಮುಳ್ಳು ನಾನು ವಿಚಾರಿಸುತ್ತೇನೆ.

ಇತಿ ನಿನ್ನ ಮಾವ

ವಿ.ಸೂ.: ಹಾಕುವಾಗ ಪ್ರೀಆಂಪ್ ಮೊದಲು, ಪವರ್ ಆಂಪ್ ಆಮೇಲೆ. ಆರಿಸುವಾಗ ಪವರ್ ಆಂಪ್ ಮೊದಲು. ಹಿಂದುಮುಂದಾದರೆ ಸ್ಪೀಕರಿಗೆ ಧಡ್ ಅಂತ ಏಟು ಬೀಳುತ್ತದೆ. ಮತ್ತೆ ಪ್ಲೇಟು ಕೇಳುತ್ತಿದ್ದವಳು ಫೋನಿನ ಹಾಡಿಗೆ ತಿರುಗಿಸುವ ಮುಂಚೆ ವಾಲ್ಯೂಮ್ ಇಳಿಸು. ಪ್ಲೇಟಿನದು ಅರ್ಧ ವೋಲ್ಟ್, ಡ್ಯಾಕ್ ದಾಟಿ ಬರುವ ಫೋನಿನ ಹಾಡಿನದು ಎರಡು.